ಯಾವ ತಿಂಗಳು, ಯಾವ ಕೇರಿ? ಪಂಚಾಯಿತಿ ಯೋಜನೆಯಲ್ಲಿ ಜನರ ನೆಮ್ಮದಿಯ ಲೆಕ್ಕ ಹಿಡಿಯುವ ಬಗೆ

ನಿಮ್ಮ ಗ್ರಾಮ ಪಂಚಾಯಿತಿಯ ಹೋದ ವರ್ಷದ ಕ್ರಿಯಾ ಯೋಜನೆ ಒಮ್ಮೆ ತೆಗೆದು ನೋಡಿ. ಇಂಥವರ ಮನೆಯಿಂದ ಇಂಥವರ ಮನೆವರೆಗೆ ಕಾಂಕ್ರೀಟ್ ರಸ್ತೆ, ಅಲ್ಲೊಂದು ಚರಂಡಿ, ಇಲ್ಲೊಂದು ಮೋರಿ, ಶಾಲೆಗೆ ಕಾಂಪೌಂಡ್. ಇವೆಲ್ಲ ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಆ ರಸ್ತೆ ಆದ ಮೇಲೆ ಯಾರ ಬದುಕು ಎಷ್ಟು ಹಗುರವಾಯಿತು ಅನ್ನೋದು ಆ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ. ಅದನ್ನು ಹೇಳುವ ನಾಲ್ಕಾರು ಲೆಕ್ಕಗಳಿಗೆ ಯೋಗಕ್ಷೇಮ ಸೂಚಕ ಅಂತಾರೆ. ಮಳೆಯಿಂದ ಮಕ್ಕಳು ಶಾಲೆ ತಪ್ಪಿಸಿಕೊಂಡ ದಿನಗಳು, ಏಪ್ರಿಲ್‌ನಲ್ಲಿ ನಲ್ಲಿಯಲ್ಲಿ ನೀರು ಬಂದ ದಿನಗಳು, ರಾತ್ರಿ ಆಸ್ಪತ್ರೆ ಮುಟ್ಟಲು ಬೇಕಾದ ಹೊತ್ತು, ಇಂಥವು.

ಬೇರೆ ಕಡೆ ಇದು ಹೊಸದೇನಲ್ಲ. ಭೂತಾನಿನ ಒಟ್ಟು ರಾಷ್ಟ್ರೀಯ ಸಂತೋಷದ ಲೆಕ್ಕದಲ್ಲಿ 9 ಕ್ಷೇತ್ರ, 33 ಸೂಚಕಗಳಿವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2008ರ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ನಾಲ್ಕು ವರ್ಷಕ್ಕೊಮ್ಮೆ ಆರೋಗ್ಯ ಮತ್ತು ಯೋಗಕ್ಷೇಮದ ಯೋಜನೆ ಮಾಡಲೇಬೇಕು. ವೇಲ್ಸ್ 2015ರಲ್ಲಿ ಮುಂದಿನ ಪೀಳಿಗೆಯ ಯೋಗಕ್ಷೇಮಕ್ಕೆ ಅಂತಲೇ ಕಾಯ್ದೆ ತಂದಿತು. ನಮ್ಮಲ್ಲಿ ಪ್ರತಿ ಪಂಚಾಯಿತಿಗೂ ಅಂಕ ಕೊಡುವ, ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಪಂಚಾಯತ್ ಅಡ್ವಾನ್ಸ್‌ಮೆಂಟ್ ಇಂಡೆಕ್ಸ್ ಇದೆ. 2022-23ರ ಲೆಕ್ಕದ ಮೇಲೆ ಅದರ ಮೊದಲ ಅಂಕಪಟ್ಟಿ 2025ರ ಏಪ್ರಿಲ್‌ನಲ್ಲಿ ಹೊರಬಂತು. ಹಾಗಾಗಿ ಚೌಕಟ್ಟು ಇಲ್ಲ ಅನ್ನುವ ನೆಪ ಈಗ ನಡೆಯುವುದಿಲ್ಲ. ಮಲೆನಾಡಿನಲ್ಲಿ ಆ ಚೌಕಟ್ಟಿನೊಳಗೆ ಏನು ತುಂಬಬೇಕು, ಹೇಗೆ ತುಂಬಬೇಕು ಅನ್ನೋದೇ ಪ್ರಶ್ನೆ. ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದವರು, ಊರಿನ ಬಗ್ಗೆ ಸ್ವಲ್ಪ ತಲೆಕೆಡಿಸಿಕೊಳ್ಳುವ ಹುಡುಗ ಹುಡುಗಿಯರು, ಯಾರು ಬೇಕಾದರೂ ಇದನ್ನು ಶುರು ಮಾಡಬಹುದು.

ಮೊದಲ ಕೆಲಸ: ಇರುವ ಲೆಕ್ಕ ಒಟ್ಟು ಹಾಕಿ

ಹೊಸ ಸಮೀಕ್ಷೆಗೆ ಹೊರಡಬೇಡಿ. ಮನೆಮನೆಗೆ ಫಾರಂ ಹಿಡಿದು ಬರುವವರನ್ನು ನೋಡಿ ನೋಡಿ ಜನ ಸುಸ್ತಾಗಿದ್ದಾರೆ. ನಿಮ್ಮ ಪಂಚಾಯಿತಿಯ ಅಂಕಪಟ್ಟಿಯನ್ನು ಆ ಇಂಡೆಕ್ಸ್‌ನ ಜಾಲತಾಣದಿಂದ ಇಳಿಸಿಕೊಳ್ಳಿ, ಅನುಮೋದನೆ ಆದ ಯೋಜನೆಯನ್ನು ಪಂಚಾಯಿತಿಗಳ ಯೋಜನೆ, ಲೆಕ್ಕ ಇರುವ ಇ-ಗ್ರಾಮ್ ಸ್ವರಾಜ್ ಜಾಲತಾಣದಿಂದ ತೆಗೆಯಿರಿ. ಅಂಕಪಟ್ಟಿಯಲ್ಲಿ 9 ವಿಷಯಗಳಿವೆ: ಬಡತನ ಮತ್ತು ಜೀವನೋಪಾಯ, ಆರೋಗ್ಯ, ಮಕ್ಕಳು, ನೀರು, ಸ್ವಚ್ಛತೆ ಮತ್ತು ಹಸಿರು, ಮೂಲಸೌಕರ್ಯ, ಸಾಮಾಜಿಕ ನ್ಯಾಯ, ಒಳ್ಳೆಯ ಆಡಳಿತ, ಮಹಿಳೆಯರು. 90 ಅಂಕ ಮೀರಿದರೆ ಎ ಪ್ಲಸ್, 75ರಿಂದ 90ರೊಳಗೆ ಎ, 60ರಿಂದ 75ಕ್ಕೆ ಬಿ, 40ರಿಂದ 60ಕ್ಕೆ ಸಿ, ಅದಕ್ಕಿಂತ ಕೆಳಗೆ ಡಿ. ಮೊದಲ ಸಲ ಲೆಕ್ಕ ಸಿಕ್ಕ 2,16,285 ಪಂಚಾಯಿತಿಗಳಲ್ಲಿ ಒಂದಕ್ಕೂ ಎ ಪ್ಲಸ್ ಸಿಗಲಿಲ್ಲ. ಎ ಸಿಕ್ಕಿದ್ದು 699ಕ್ಕೆ ಮಾತ್ರ. ಆದ್ದರಿಂದ ನಿಮ್ಮೂರಿಗೆ ಸಿ ಬಂದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಆ ಸಲ ಅರ್ಧಕ್ಕಿಂತ ಜಾಸ್ತಿ ಪಂಚಾಯಿತಿಗಳು ಅಲ್ಲೇ ಇದ್ದವು.

ಆಮೇಲೆ ಊರಿನೊಳಗಿನ ಪುಸ್ತಕಗಳು. ಅಂಗನವಾಡಿಯ ತೂಕದ ರಿಜಿಸ್ಟರ್, ಆಶಾ ಕಾರ್ಯಕರ್ತೆಯ ಡೈರಿ, ಶಾಲೆಯ ಹಾಜರಿ ಪುಸ್ತಕ, ನೀರುಗಂಟಿ ಮೋಟಾರ್ ಹಾಕಿದ ಲೆಕ್ಕ, ಟ್ಯಾಂಕರ್ ಬಿಲ್ಲು. ನನ್ನ ಪ್ರಕಾರ ಇಡೀ ಪಂಚಾಯಿತಿಯಲ್ಲಿ ನೀರಿನ ಬಗ್ಗೆ ಅತಿ ನಂಬಿಕಸ್ಥ ಮಾಹಿತಿ ಇರುವುದು ನೀರುಗಂಟಿಯ ತಲೆಯಲ್ಲಿ. ಬರೆದಿಟ್ಟಿರುವುದಿಲ್ಲ, ಅಷ್ಟೆ. ಅವರಿಗೆ ಒಂದು ನೋಟ್‌ಬುಕ್ ಕೊಡಿಸಿ.

ಎರಡನೆಯದು: ಕೇಳುವ ಜಾಗ, ಕೇಳುವ ಕಾಲ

ಬಯಲುಸೀಮೆಯ ಹಾಗೆ ನಮ್ಮಲ್ಲಿ ಊರು ಒಂದೇ ಕಡೆ ಇರುವುದಿಲ್ಲ. ಗುಡ್ಡದ ಈಚೆ ನಾಲ್ಕು ಮನೆ, ಹಳ್ಳದಾಚೆ ಎರಡು ಮನೆ, ಕಾನಿನ ಅಂಚಿಗೆ ಒಂದೇ ಮನೆ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆ ಆದರೂ ನಡೆಯಲೇಬೇಕು, ವಾರ್ಡ್ ಸಭೆಯೂ ಹಾಗೆಯೇ, ಆದರೆ ಅಲ್ಲಿ ಮಾತಾಡುವವರು ಯಾರು? ರಸ್ತೆ ಬದಿಯವರು, ಬೈಕ್ ಇರುವವರು, ಗಂಡಸರು. ಒಂಟಿ ಮನೆಯ ಅಜ್ಜಿ ಆ ಸಭೆಗೆ ಬರುವುದಿಲ್ಲ. ಅವರಿಗೆ ತೊಂದರೆ ಇಲ್ಲ ಅಂತ ಯೋಜನೆ ಅಂದುಕೊಳ್ಳುತ್ತದೆ.

ಹಾಗಾಗಿ ಜನ ಹೇಗೂ ಸೇರುವ ಕಡೆಗೆ ನೀವೇ ಹೋಗಿ. ಬೆಳಿಗ್ಗೆ ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕೊಡುವ ದಿನ, ಸ್ವಸಹಾಯ ಸಂಘದ ವಾರದ ಸಭೆ, ಅಡಿಕೆ ಸುಲಿಯುವ ಮನೆ. ಸುಲಿಯುವ ಕಡೆ ಕೈ ಓಡುತ್ತಿರುತ್ತದೆ, ಬಾಯಿ ಖಾಲಿ ಇರುತ್ತದೆ, ಹೆಂಗಸರು ಬಿಡಿಸಿ ಮಾತಾಡುತ್ತಾರೆ. ಆದರೆ ಯೋಜನೆ ಮಾಡುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ಕ್ಕೆ ಶುರುವಾಗಿ ಜನವರಿವರೆಗೆ ನಡೆಯುತ್ತದೆ. ನಮ್ಮಲ್ಲಿ ಅದು ಸರಿಯಾಗಿ ಗದ್ದೆ ಕೊಯ್ಲು, ಅಡಿಕೆ ಕೊನೆ ಕೊಯ್ಲಿನ ಹೊತ್ತು. ಯಾರಿಗೂ ಪುರುಸೊತ್ತಿಲ್ಲ. ಇನ್ನೂ ದೊಡ್ಡ ತೊಂದರೆ ಅಂದರೆ, ನವೆಂಬರ್ ತಿಂಗಳಲ್ಲಿ ಮಲೆನಾಡು ಎಷ್ಟು ಚೆನ್ನಾಗಿರುತ್ತದೆ ಅಂದ್ರೆ, ಬಾವಿ ತುಂಬಿರುತ್ತದೆ, ಹಳ್ಳ ಇಳಿದಿರುತ್ತದೆ, ಕರೆಂಟ್ ಇರುತ್ತದೆ, ಮಂಗನ ಕಾಯಿಲೆ ಇನ್ನೂ ಶುರುವಾಗಿರುವುದಿಲ್ಲ. ಆ ತಿಂಗಳಲ್ಲಿ ಏನು ಅಳೆದರೂ ಎಲ್ಲ ಸರಿ ಇದೆ ಅಂತಲೇ ಬರುತ್ತದೆ.

ವರ್ಷಕ್ಕೆ ಎರಡು ಸಲ ಲೆಕ್ಕ ಹಿಡಿಯಿರಿ. ಒಂದು ಆಷಾಢದಲ್ಲಿ, ಇನ್ನೊಂದು ಏಪ್ರಿಲ್ ಕೊನೆಗೆ. ಉಳಿದಿದ್ದೆಲ್ಲ ಮರೆತರೂ ಈ ಒಂದು ಮಾತು ಬಿಡಬೇಡಿ.

ಕೇಳುವ ಪ್ರಶ್ನೆಯೂ ಮುಖ್ಯ. ‘ನಿಮಗೇನು ಬೇಕು’ ಅಂತ ಕೇಳಿದರೆ ‘ರಸ್ತೆ’ ಅಂತ ಉತ್ತರ ಬರುತ್ತದೆ, ಯಾಕೆಂದರೆ ಪಂಚಾಯಿತಿ ಕೊಡುವುದು ಅದನ್ನೇ ಅಂತ ಎಲ್ಲರಿಗೂ ಗೊತ್ತು. ‘ಹೋದ ಮಳೆಗಾಲದಲ್ಲಿ ಯಾವಾಗ ಸಿಕ್ಕಿಹಾಕಿಕೊಂಡ್ರಿ? ಆವತ್ತು ಏನಾಯ್ತು?’ ಅಂತ ಕೇಳಿ. ಕಥೆ ಬರುತ್ತದೆ. ಸೂಚಕ ಆ ಕಥೆಯೊಳಗೇ ಇರುತ್ತದೆ.

ಮೂರನೆಯದು: ಕಥೆಯಿಂದ ಸೂಚಕ

ಕೇಂದ್ರದ ಇಂಡೆಕ್ಸ್‌ನ ಮೊದಲ ಲೆಕ್ಕದಲ್ಲಿ 435 ಸ್ಥಳೀಯ ಸೂಚಕಗಳಿದ್ದವು. ಅಷ್ಟನ್ನೂ ನೀವು ಹಿಡಿಯಲು ಹೋದರೆ ಒಂದೂ ಉಳಿಯುವುದಿಲ್ಲ. ಎಂಟು ಹತ್ತು ಸಾಕು. ಕೆಲವನ್ನು ಬಿಡಿಸಿ ಹೇಳುತ್ತೇನೆ, ನಿಮ್ಮೂರಿಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.

ಹಳ್ಳ ದಾಟುವ ಕಾಲುಸಂಕದಿಂದ ಶುರು ಮಾಡೋಣ. ‘ಕಟ್ಟಿದ ಕಾಲುಸಂಕ: ಮೂರು’ ಅನ್ನೋದು ಕಾಮಗಾರಿಯ ಲೆಕ್ಕ. ಬದುಕಿನ ಲೆಕ್ಕ ಬೇಕಾದರೆ ಶಾಲೆಯ ಹಾಜರಿ ಪುಸ್ತಕ ತೆಗೆದು ಜೂನ್‌ನಿಂದ ಆಗಸ್ಟ್‌ವರೆಗೆ ಹಳ್ಳದಾಚೆಯ ಮಕ್ಕಳು ಎಷ್ಟು ದಿನ ಬಂದಿಲ್ಲ ನೋಡಿ, ಹಳ್ಳದೀಚೆಯ ಮಕ್ಕಳ ಜೊತೆ ಹೋಲಿಸಿ. ವ್ಯತ್ಯಾಸ ಎಷ್ಟು ದಿನವೋ ಹೆಚ್ಚುಕಡಿಮೆ ಅಷ್ಟು ಆ ಹಳ್ಳದ ಪಾಲು. ಮಳೆಗೆ ಜಿಲ್ಲಾಡಳಿತವೇ ರಜೆ ಕೊಟ್ಟ ದಿನಗಳನ್ನು ಕಳೆಯಲು ಮರೆಯಬೇಡಿ. ಸಂಕ ಕಟ್ಟಿದ ಮೇಲೂ ಆ ವ್ಯತ್ಯಾಸ ಉಳಿದರೆ ಸಂಕ ತಪ್ಪು ಜಾಗದಲ್ಲಿದೆ, ಇಲ್ಲವೇ ದಾರಿಯಲ್ಲಿ ಬೇರೇನೋ ತೊಂದರೆ ಇದೆ.

ನೀರು. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಸೀಮೆಯಲ್ಲೂ ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ ಅನ್ನೋದು ಹೊರಗಿನವರಿಗೆ ನಂಬಲು ಕಷ್ಟ, ನಮಗಲ್ಲ. ಜಲಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ಸಿಗಬೇಕು. ಒಂದು ಉದಾಹರಣೆಗೆ ಲೆಕ್ಕ ಹಾಕಿ ನೋಡಿ: ಪಂಚಾಯಿತಿಯಲ್ಲಿ 400 ಮನೆ, 380ಕ್ಕೆ ನಲ್ಲಿ ಇದೆ ಅಂದುಕೊಳ್ಳಿ. ಶೇ 95, ಭೇಷ್. ಆದರೆ ಎತ್ತರದ ಮೂರು ಮಜರೆಗಳ 60 ಮನೆಗಳಲ್ಲಿ ನಲ್ಲಿ ಇದ್ದೂ ಏಪ್ರಿಲ್, ಮೇ ಎರಡು ತಿಂಗಳು ನೀರು ಹತ್ತುವುದಿಲ್ಲ. ಆ ಎರಡು ತಿಂಗಳಿಗೆ ನಿಜವಾದ ಲೆಕ್ಕ ಶೇ 80. ಆ ಮೂರು ಮಜರೆಗಳಲ್ಲಿ ಸೊನ್ನೆ. ಒಂದೇ ಪಂಚಾಯಿತಿ, ಒಂದೇ ನಲ್ಲಿ, ಮೂರು ಉತ್ತರ. ಯೋಜನೆಗೆ ಬೇಕಾದ ಉತ್ತರ ಆ ಸೊನ್ನೆ. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ನಂಬಿಕೊಂಡ ಮನೆಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಅಬ್ಬಿ ಯಾವ ತಿಂಗಳಿಗೆ ಬತ್ತುತ್ತದೆ ಅನ್ನೋದೇ ಅವರ ಸೂಚಕ.

ಮಂಗನ ಕಾಯಿಲೆ ವಿಚಾರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. 1957ರಲ್ಲಿ ಇದು ಮೊದಲು ಪತ್ತೆಯಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಕಾಯಿಲೆಗೆ ಆ ಕಾಡಿನ ಹೆಸರೇ ಬಂತು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಎಷ್ಟು ನಲುಗಿತು ಅಂತ ಎಲ್ಲರಿಗೂ ನೆನಪಿದೆ. ಇಲ್ಲಿ ‘ಎಷ್ಟು ಜನರಿಗೆ ಕಾಯಿಲೆ ಬಂತು, ಎಷ್ಟು ಜನ ತೀರಿಕೊಂಡರು’ ಅನ್ನೋದು ತಡವಾದ ಸೂಚಕ. ಆ ಅಂಕಿ ಏರುವ ಹೊತ್ತಿಗೆ ಮಾಡಬೇಕಾದ ಕೆಲಸದ ಕಾಲ ಮುಗಿದಿರುತ್ತದೆ. ಡಿಸೆಂಬರ್‌ನಿಂದ ಮೇವರೆಗಿನ ಕಾಯಿಲೆ ಇದು. ಹಾಗಾಗಿ ಮೊದಲೇ ಕೂಗಿ ಹೇಳುವ ಸೂಚಕ ಬೇಕು: ಕಾಯಿಲೆ ಹರಡುವ ಉಣ್ಣೆ ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಕಾಡಂಚಿನ ಎಷ್ಟು ಮನೆಗೆ ಡಿಸೆಂಬರ್ ಒಳಗೆ ಮುಟ್ಟಿತು? ಸತ್ತ ಮಂಗ ಕಂಡ ಹೊತ್ತಿಗೂ ಆರೋಗ್ಯ ಇಲಾಖೆಗೆ ಸುದ್ದಿ ಹೋದ ಹೊತ್ತಿಗೂ ಎಷ್ಟು ಗಂಟೆ ಅಂತರ? ಜ್ವರ ಬಂದು ಎಷ್ಟನೇ ದಿನಕ್ಕೆ ರಕ್ತ ಪರೀಕ್ಷೆ ಆಯಿತು? ಸೊಪ್ಪು, ದರಗು, ಸೌದೆಗೆ ಕಾಡಿಗೆ ಹೋಗುವವರು ಯಾರು ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ, ಆ ಪಟ್ಟಿ ನವೆಂಬರ್‌ನಲ್ಲೇ ಸಿದ್ಧವಾದರೆ ಎಣ್ಣೆ ರಸ್ತೆ ಬದಿಯ ಮನೆಗಳಲ್ಲೇ ಮುಗಿದುಹೋಗುವುದು ತಪ್ಪುತ್ತದೆ.

ಆಸ್ಪತ್ರೆಯ ದೂರವನ್ನು ಕಿಲೋಮೀಟರ್‌ನಲ್ಲಿ ಬರೆಯಬೇಡಿ, ನಿಮಿಷದಲ್ಲಿ ಬರೆಯಿರಿ, ಅದೂ ಮಳೆಗಾಲದ ರಾತ್ರಿಯ ನಿಮಿಷ. ಲಿಂಗನಮಕ್ಕಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆ ಮೇಲೆ ಹಿನ್ನೀರು ದಾಟಲು ಲಾಂಚ್ ಇಲ್ಲದಿದ್ದಾಗ ಸಾಗರ ಎಷ್ಟು ಹತ್ತಿರ ಇದ್ದೇನು ಬಂತು? 2025ರ ಜುಲೈನಲ್ಲಿ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ತೆರೆಯಿತು. ಆ ಭಾಗದ ಪಂಚಾಯಿತಿಗಳು ಇನ್ನು ನೋಡಬೇಕಾದದ್ದು ಸೇತುವೆಯಿಂದ ಒಳಗಿನ ಮನೆಗಳವರೆಗಿನ ನಿಮಿಷಗಳನ್ನು. ಜೊತೆಗೆ ಇನ್ನೊಂದು ಪ್ರಶ್ನೆ: ಮನೆಯಂಗಳದಿಂದ 108ಕ್ಕೆ ಕರೆ ಹೋಗುತ್ತದಾ, ಗುಡ್ಡ ಹತ್ತಬೇಕಾ?

ಒಂಟಿ ಹಿರಿಯರ ಮನೆಗಳು ಯಾವ ಸರ್ಕಾರಿ ಪಟ್ಟಿಯಲ್ಲೂ ಸರಿಯಾಗಿ ಕಾಣುವುದಿಲ್ಲ. ಮಕ್ಕಳು ಬೆಂಗಳೂರಲ್ಲಿ, ತೋಟ ಇಲ್ಲಿ, ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು. ತೋಟ ಇರುವುದರಿಂದ ಬಡವರ ಪಟ್ಟಿಯಲ್ಲಿ ಅವರಿಲ್ಲ. ಅಂಥ ಮನೆ ಎಷ್ಟು, ವಾರದಲ್ಲಿ ಒಬ್ಬರಾದರೂ ಹೋಗಿ ಮಾತಾಡಿಸುವ ಮನೆ ಅದರಲ್ಲಿ ಎಷ್ಟು ಅಂತ ಬರೆದಿಡಿ. ದುಡ್ಡು ಖರ್ಚಿಲ್ಲದೆ ಸುಧಾರಿಸಬಹುದಾದ ಸೂಚಕ ಇದು.

ಅಡಿಕೆ ಧಾರಣೆಯನ್ನು ಸೂಚಕ ಮಾಡೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಧಾರಣೆಯಾಗಲಿ ಎಲೆಚುಕ್ಕಿ ರೋಗವಾಗಲಿ ಪಂಚಾಯಿತಿಯ ಕೈಲಿಲ್ಲ. ಹಿನ್ನೆಲೆಗೆ ಬರೆದಿಟ್ಟುಕೊಳ್ಳಿ, ಗುರಿ ಮಾಡಬೇಡಿ. ಅದರ ಬದಲು ತೋಟ ಇಲ್ಲದ ಕೂಲಿಯವರಿಗೆ ಜೋರು ಮಳೆಯ ತಿಂಗಳಲ್ಲಿ ಎಷ್ಟು ದಿನ ಕೆಲಸ ಇರಲಿಲ್ಲ ಅಂತ ಹಿಡಿದರೆ ಉದ್ಯೋಗ ಖಾತರಿಯ ಕೆಲಸವನ್ನು ಯಾವಾಗ ಇಟ್ಟುಕೊಳ್ಳಬೇಕು ಅಂತ ಗೊತ್ತಾಗುತ್ತದೆ.

ಮನಸ್ಸಿನ ಲೆಕ್ಕ

ಬ್ರಿಟನ್ನಿನ ಅಂಕಿಅಂಶ ಕಚೇರಿ 2011ರಿಂದ ಜನರಿಗೆ ನಾಲ್ಕು ಪ್ರಶ್ನೆ ಕೇಳುತ್ತಿದೆ. ಬದುಕು ತೃಪ್ತಿ ಕೊಟ್ಟಿದೆಯಾ, ಮಾಡುವ ಕೆಲಸಕ್ಕೆ ಅರ್ಥ ಇದೆ ಅನಿಸುತ್ತದಾ, ನಿನ್ನೆ ಖುಷಿಯಾಗಿದ್ರಾ, ನಿನ್ನೆ ಆತಂಕ ಇತ್ತಾ. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಕೇಳಲು ಚೆನ್ನಾಗಿದೆ. ಆದರೆ ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಹೋಗಿ ಹತ್ತಕ್ಕೆ ಎಷ್ಟು ಅಂತ ಕೇಳಿ ನೋಡಿ. ‘ಎಂತದು ಮಾರಾಯ್ರೆ, ನಡೀತದೆ’ ಅನ್ನುತ್ತಾರೆ, ಕಾಫಿ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಕಷ್ಟವನ್ನು ಹೊರಗಿನವರ ಎದುರು ಅಂಕದಲ್ಲಿ ಹೇಳುವ ರೂಢಿ ಇಲ್ಲ. ‘ರಾತ್ರಿ ಹುಷಾರು ತಪ್ಪಿದರೆ ಯಾರನ್ನು ಕರೀತೀರಿ?’, ‘ಹೋದ ತಿಂಗಳು ಯಾವುದಕ್ಕೆ ನಿದ್ದೆ ಕೆಟ್ಟಿತು?’ ಅಂತ ಕೇಳಿದರೆ ಉತ್ತರ ಸಿಗುತ್ತದೆ. ಕರೆಯಲು ಯಾರೂ ಇಲ್ಲದವರು ಎಷ್ಟು ಅನ್ನೋದನ್ನು ಎಣಿಸಬಹುದು.

ಒಂದು ಎಚ್ಚರಿಕೆ. ಕುಡಿತದ ವಿಚಾರ, ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವ ಸಾರಾಯಿಯ ವಿಚಾರ ಹೆಂಗಸರು ಖಂಡಿತ ಎತ್ತುತ್ತಾರೆ. ಅದನ್ನು ಮನೆಯೊಳಗೆ ಗಂಡನ ಎದುರು ಕೇಳಬೇಡಿ. ಸಂಘದ ಸಭೆಯಲ್ಲಿ ಅಥವಾ ಮಹಿಳಾ ಗ್ರಾಮ ಸಭೆಯಲ್ಲಿ ಕೇಳಿ. ನಾಲ್ಕೇ ಮನೆಯ ಕೇರಿಯ ಲೆಕ್ಕವನ್ನು ಗೋಡೆಗೆ ಅಂಟಿಸಿದರೆ ಅದು ಹೆಸರು ಹಾಕಿದಷ್ಟೇ ಆಯಿತು. ಚಿಕ್ಕ ಕೇರಿಗಳನ್ನು ಪಕ್ಕದ ಕೇರಿ ಜೊತೆ ಸೇರಿಸಿ ಪ್ರಕಟಿಸಿ.

ನಾಲ್ಕನೆಯದು: ಸೂಚಕವನ್ನು ಹಣಕ್ಕೂ ನಡಾವಳಿಗೂ ಕಟ್ಟುವುದು

ಬಹಳ ಕಡೆ ಇಲ್ಲೇ ದಾರಿ ತಪ್ಪುವುದು. ಚಾರ್ಟು ಚೆನ್ನಾಗಿ ಆಗುತ್ತದೆ, ಫೋಟೊ ತೆಗೆಯುತ್ತಾರೆ, ಕ್ರಿಯಾ ಯೋಜನೆ ಮಾತ್ರ ಹಳೆಯದೇ. ಅದಕ್ಕೆ ಪ್ರತಿ ಸೂಚಕದ ಎದುರು ಮೂರು ಖಾನೆ ಹಾಕಿ: ನಮ್ಮ ದುಡ್ಡಲ್ಲಿ ಆಗೋದು, ದುಡ್ಡೇ ಬೇಡದ್ದು, ಬೇರೆಯವರು ಮಾಡಬೇಕಾದದ್ದು.

ದುಡ್ಡಿನ ವಿಚಾರದಲ್ಲಿ ಕೈ ಎಷ್ಟು ಬಿಡುವಾಗಿದೆ ಅಂತ ಮೊದಲೇ ತಿಳಿದಿರಲಿ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ನಿರ್ಬಂಧಿತವಾಗಿತ್ತು, ಉಳಿದ ಶೇ 40 ಮಾತ್ರ ಸ್ಥಳೀಯ ಅಗತ್ಯಕ್ಕೆ. ಅಂದರೆ ನೀರಿನ ಸೂಚಕಕ್ಕೆ ಹಣ ಹುಡುಕುವುದು ಸುಲಭ, ಹಿರಿಯರ ಸೂಚಕಕ್ಕೆ ಕಷ್ಟ. ನೀವು ಯೋಜನೆ ಮಾಡುವ ವರ್ಷಕ್ಕೆ ಯಾವ ನಿಯಮ ಇದೆ ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಬರಹದಲ್ಲೇ ಕೇಳಿ ತಿಳಿದುಕೊಳ್ಳಿ.

ದುಡ್ಡು ಬೇಡದ ಕೆಲಸ ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ. ಡೆಪಾ ಎಣ್ಣೆಯನ್ನು ಇನ್ನೂ ಬೇಗ ಹಂಚುವುದು, ಎತ್ತರದ ಮಜರೆಗೆ ಮೊದಲು ನೀರು ಬಿಟ್ಟು ಆಮೇಲೆ ಕೆಳಗಿನವರಿಗೆ ಬಿಡುವುದು. ಇದಕ್ಕೆ ಬೇಕಾದದ್ದು ಸಾಮಾನ್ಯ ಸಭೆಯ ಒಂದು ತೀರ್ಮಾನ, ಮತ್ತೆ ಕೆಳಗಿನ ಕೇರಿಯ ಸದಸ್ಯರ ಸಿಟ್ಟು ತಡೆದುಕೊಳ್ಳುವ ಅಧ್ಯಕ್ಷರು.

ಮೂರನೇ ಖಾನೆ ಮಲೆನಾಡಿನಲ್ಲಿ ಉದ್ದ. ಕರೆಂಟ್ ಮೆಸ್ಕಾಂದು, ಟವರ್ ಕಂಪನಿಯದು, ದಾರಿಗೆ ಅಡ್ಡ ಇರುವುದು ಅರಣ್ಯ. ‘ಅರಣ್ಯ ಇಲಾಖೆ ಬಿಡಲ್ಲ’ ಅಂತ ಕೈಚೆಲ್ಲುವ ಮೊದಲು 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಓದಿ. ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಪೈಪು, ವಿದ್ಯುತ್ ಮತ್ತು ದೂರವಾಣಿ ತಂತಿ, ರಸ್ತೆ ಸೇರಿ 13 ಬಗೆಯ ಸೌಕರ್ಯಗಳಿಗೆ ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75 ಮರ ಮೀರದಂತೆ ಬಳಸಲು ಅಲ್ಲಿ ಅವಕಾಶ ಇದೆ. ಅದಕ್ಕೆ ಗ್ರಾಮ ಸಭೆಯ ಶಿಫಾರಸು ಬೇಕೇ ಬೇಕು. ಆ ಶಿಫಾರಸಿನ ಜೊತೆ ‘ಈ ದಾರಿ ಇಲ್ಲದ್ದರಿಂದ ಹೋದ ಮಳೆಗಾಲದಲ್ಲಿ ಇಷ್ಟು ಮಕ್ಕಳು ಇಷ್ಟು ದಿನ ಶಾಲೆ ತಪ್ಪಿಸಿಕೊಂಡರು’ ಅಂತ ಹಾಜರಿ ಪುಸ್ತಕದ ನಕಲು ಇಟ್ಟರೆ ಅರ್ಜಿಗೆ ಬೇರೆಯೇ ತೂಕ ಬರುತ್ತದೆ.

ಏನೇ ತೀರ್ಮಾನ ಆದರೂ ನಡಾವಳಿ ಪುಸ್ತಕದಲ್ಲಿ ಬರಲಿ. ಜವಾಬ್ದಾರಿಯನ್ನು ಸ್ಥಾಯಿ ಸಮಿತಿಗಳಿಗೆ ಹಂಚಿ, ಸುಮ್ನೆ ಹೆಸರಿಗೆ ಇರುವ ಸಮಿತಿಗಳಿಗೆ ಕೆಲಸ ಸಿಕ್ಕಂತಾಗುತ್ತದೆ: ನೀರು, ಸಂಕ ಸೌಕರ್ಯ ಸಮಿತಿಗೆ, ಹಿರಿಯರ ಮನೆ ಸಾಮಾಜಿಕ ನ್ಯಾಯ ಸಮಿತಿಗೆ, ಮಳೆಗಾಲದ ಕೂಲಿ ಉತ್ಪಾದನಾ ಸಮಿತಿಗೆ.

ಗುರಿ ಇಡುವಾಗ ಶೇ 100 ಅಂತ ಬರೆಯಬೇಡಿ. ಅಂಥ ಗುರಿ ಇಟ್ಟ ಕಡೆ ಜನ ಅಂಕಿಯನ್ನೇ ತಿದ್ದುತ್ತಾರೆ. ಲೆಕ್ಕದಲ್ಲಿ ಶೌಚಾಲಯ ಆಗಿ ಒಳಗೆ ಸೌದೆ ತುಂಬಿಟ್ಟ ಮನೆ ನೀವೂ ನೋಡಿದ್ದೀರಿ, ಅಲ್ವಾ? ‘ಅತಿ ಹಿಂದಿರುವ ಕೇರಿಯಲ್ಲಿ ನೀರಿಲ್ಲದ ದಿನ ಅರ್ಧಕ್ಕೆ ಇಳಿಯಬೇಕು’ ಅಂತ ಇಡಿ. ಅಂಕಿ ಬರೆಯುವವರು ಒಬ್ಬರು, ಕೆಲಸ ಮಾಡುವವರು ಇನ್ನೊಬ್ಬರು ಆಗಿರಲಿ.

ಐದನೆಯದು: ವಾಪಸ್ ಹೇಳುವುದು

ಮಾಹಿತಿ ಕೊಟ್ಟ ಜನರಿಗೆ ಅದು ಏನಾಯಿತು ಅಂತ ತಿಳಿಯದಿದ್ದರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ. ಒಂದು ಹಾಳೆ ಸಾಕು. ಎಡಗಡೆ ಕೇರಿಗಳ ಹೆಸರು, ಮೇಲೆ ಆಷಾಢ ಮತ್ತು ಏಪ್ರಿಲ್, ನಡುವೆ ಅಂಕಿ. ಪಂಚಾಯಿತಿ ಗೋಡೆ, ಹಾಲಿನ ಡೇರಿ, ಗ್ರಂಥಾಲಯ, ಮೂರು ಕಡೆ ಅಂಟಿಸಿ. ಗ್ರಾಮ ಸಭೆಯಲ್ಲಿ ಕಾಮಗಾರಿ ಪಟ್ಟಿ ಓದುವ ಮೊದಲು ಈ ಹಾಳೆ ಓದಬೇಕು ಅಂತ ಪಟ್ಟು ಹಿಡಿಯಿರಿ. ಮೊದಲು ಕಾಮಗಾರಿ ಓದಿದರೆ ಅರ್ಧ ಜನ ತಮ್ಮ ರಸ್ತೆ ಬಂತು ಅಂತ ಎದ್ದು ಹೋಗಿರುತ್ತಾರೆ. ಮಕ್ಕಳ ಗ್ರಾಮ ಸಭೆಯಲ್ಲೂ ಇದೇ ಹಾಳೆ ಇಡಿ. ಯಾವ ಸಂಕದ ಯಾವ ಹಲಗೆ ಅಲುಗಾಡುತ್ತದೆ ಅಂತ ಮಕ್ಕಳಷ್ಟು ಖಚಿತವಾಗಿ ಇಂಜಿನಿಯರ್ ಕೂಡ ಹೇಳಲಾರರು.

ಒಂದು ವರ್ಷಕ್ಕೆ ಅಂಕಿ ಅಲ್ಲಾಡದೆ ಇರಬಹುದು. ಮಳೆ ಕಡಿಮೆ ಬಿದ್ದ ವರ್ಷ ಶಾಲೆ ತಪ್ಪಿದ ದಿನ ತಾನಾಗಿಯೇ ಇಳಿಯುತ್ತದೆ, ಅದು ಸಂಕದ ಪುಣ್ಯ ಅಂದುಕೊಳ್ಳಬೇಡಿ. ಅದಕ್ಕೇ ಹತ್ತಿರದ ಮಳೆ ಮಾಪನದ ಅಂಕಿಯನ್ನು ಅದೇ ಹಾಳೆಯ ಕೆಳಗೆ ಬರೆದಿಡಿ. ಸೂಚಕಗಳನ್ನು ಕನಿಷ್ಠ ಮೂರು ವರ್ಷ ಬದಲಾಯಿಸಬೇಡಿ. ಚುನಾವಣೆ ಆಗಿ ಹೊಸ ಸದಸ್ಯರು ಬಂದಾಗ ಹಳೆಯವರ ಕೆಲಸ ಅಂತ ಈ ಪುಸ್ತಕ ಮೂಲೆ ಸೇರುವ ಸಂಭವ ಜಾಸ್ತಿ. ಒಂದು ಪ್ರತಿ ಪಂಚಾಯಿತಿ ದಾಖಲೆಯಲ್ಲಿ, ಇನ್ನೊಂದು ಗ್ರಂಥಾಲಯದಲ್ಲಿ, ಮತ್ತೊಂದು ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ ಇರಲಿ. ಒಕ್ಕೂಟದ ಹೆಂಗಸರು ಅದೇ ಊರಿನಲ್ಲಿ ಇರುತ್ತಾರೆ, ಹೊಸ ಸದಸ್ಯರ ಮೊದಲ ಸಾಮಾನ್ಯ ಸಭೆಗೆ ಪುಸ್ತಕ ಹಿಡಿದು ಹೋಗಲು ಅವರಿಗೇ ಹೇಳಿಡಿ.